ಹಾಸನ ಬೈಪಾಸಿನ ಡೀಸೆಲ್ ಪಂಪ್ ರಿಪೇರಿ ಶಾಪ್: ಟ್ಯಾಂಕಿನಲ್ಲಿ ನೀರಿದೆ ಅನ್ನೋ ಅನುಮಾನ ಇದ್ದರೆ ಮೊದಲು ಇಲ್ಲಿಗೆ ಹೋಗಿ

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತಿದ್ದೇನೆ. ಅರ್ಧ ಯಾಕೆ ಕಳೆದೆ ಅನ್ನೋದನ್ನು ಕೊನೆಯ ಕಡೆ ಬರೆದಿದ್ದೇನೆ, ಅದನ್ನೂ ಓದಿ.

ನಮ್ಮದು ಚನ್ನರಾಯಪಟ್ಟಣ. ಎರಡು ಹತ್ತು ಚಕ್ರದ ಲಾರಿ ಇವೆ. ಹೋಗುವಾಗ ಮೆಕ್ಕೆಜೋಳ, ಬರುವಾಗ ಪಣಂಬೂರಿನಿಂದ ಗೊಬ್ಬರ. ಒಂದನ್ನು ಮನೆಯವರು ಓಡಿಸುತ್ತಾರೆ, ಇನ್ನೊಂದಕ್ಕೆ ಡ್ರೈವರ್ ಇದ್ದಾರೆ. ಲೋನು, ಎಫ್‌ಸಿ, ಟೈರು, ಗ್ಯಾರೇಜಿನ ವ್ಯವಹಾರ ಎಲ್ಲ ನಾನು ನೋಡಿಕೊಳ್ಳೋದು. ಹಾಗಾಗಿ ಈ ರಿವ್ಯೂ ದುಡ್ಡು ಎಣಿಸಿ ಕೊಟ್ಟವಳ ರಿವ್ಯೂ.

ತೊಂದರೆ ಕೊಟ್ಟಿದ್ದು ನಾವು ಸೆಕೆಂಡ್ ಹ್ಯಾಂಡ್ ತಗೊಂಡ ಬಿಎಸ್4 ಗಾಡಿ. ಕಾಮನ್ ರೇಲ್ ಇಂಜಿನ್, ಅಂದರೆ ಪಂಪು ಒತ್ತಿದ ಡೀಸೆಲ್ ರೇಲ್ ಅನ್ನೋ ಒಂದೇ ಪೈಪಿನಿಂದ ಎಲ್ಲ ನಾಜಲ್ಲಿಗೂ (ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಬಾಯಿಗಳಿಗೆ) ಹೋಗುತ್ತೆ. ಪಕ್ಕದಲ್ಲಿ ಹೊಗೆ ಶುದ್ಧ ಮಾಡೋ ಯೂರಿಯಾ ದ್ರಾವಣದ ಟ್ಯಾಂಕ್ ಇರುವಂಥದ್ದು. ಮಳೆಗಾಲ. ಗೊಬ್ಬರ ಲೋಡು ಹೊತ್ತು ಗುಂಡ್ಯ ದಾಟಿ ಶಿರಾಡಿ ಏರೋಕೆ ಶುರು ಮಾಡಿದ ಮೇಲೆ ಎಳೆತ ಬಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಇಂಜಿನ್ ಮೇಲೇಳುತ್ತಿಲ್ಲ, ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ, ಆಮೇಲೆ ಆಫ್. ಸ್ವಲ್ಪ ಹೊತ್ತು ಬಿಟ್ಟರೆ ಬಿಳಿ ಹೊಗೆ ಬಿಟ್ಟುಕೊಂಡು ಮತ್ತೆ ಸ್ಟಾರ್ಟ್. ಹೇಗೋ ಮಾರನಹಳ್ಳಿ ಮುಟ್ಟಿಸಿದರು. ಸಮತಟ್ಟು ರಸ್ತೆಗೆ ಬಂದ ಮೇಲೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಓಡಿತು. ಡ್ಯಾಶ್‌ಬೋರ್ಡಿನಲ್ಲಿ ಡೀಸೆಲ್ ಜೊತೆ ನೀರಿದೆ ಅಂತ ಎಚ್ಚರಿಸುವ ಲೈಟು ಬಂದಿರಲೇ ಇಲ್ಲ.

ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದಾಯಿತು. ಹೆಸರು ಬೇಡ. ಅವರು ಬಾನೆಟ್ ಕೂಡ ಸರಿಯಾಗಿ ನೋಡಲಿಲ್ಲ. ಹೈ ಪ್ರೆಶರ್ ಪಂಪ್ ಹೋಗಿದೆ, ಆರು ನಾಜಲ್ಲೂ ಹೋಗಿರುತ್ತೆ, ಎಲ್ಲ ಸೇರಿ 1,80,000 ಆಗುತ್ತೆ, ಅರ್ಧ ಅಡ್ವಾನ್ಸ್ ಹಾಕಿ ಅಂದರು. ಒಂದು ಲಾರಿಯ ಎಷ್ಟು ಕಂತು ಅದು ಅಂತ ಗಾಡಿ ಇಟ್ಟವರಿಗೆ ಗೊತ್ತು. ಬೇಡ ಅಂತ ಹೇಳಿ, ಲೋಡು ಖಾಲಿ ಮಾಡಿಸಿ, ಗಾಡಿಯನ್ನು ಹಾಸನಕ್ಕೆ ತರಿಸಿದೆ.

ಶಾಪ್ ಇರೋದು ಬೈಪಾಸ್ ಪಕ್ಕ, ಬೆಂಗಳೂರಿನ ಕಡೆಯಿಂದ ಬಂದರೆ ಎಡಕ್ಕೆ. ಬೋರ್ಡಿನಲ್ಲಿ ಡೀಸೆಲ್ ಪಂಪ್ ಮತ್ತು ನಾಜಲ್ ಸರ್ವಿಸ್ ಅಂತ ಮಾತ್ರ ಇದೆ. ಮೇಸ್ತ್ರಿಗೆ ಅರವತ್ತು ದಾಟಿದೆ. ಹುಡುಗ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಪಂಪ್ ಕೆಲಸ ಕಲಿತವರು. ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿದೆ, ಇವರ ಬಾಯಲ್ಲಿ ಮಾತ್ರ ಇನ್ನೂ ಮೈಕೋ ಪಂಪು, ಮೈಕೋ ನಾಜಲ್ಲು. ಪಂಪು, ನಾಜಲ್ ಪರೀಕ್ಷೆ ಮಾಡುವ ಟೆಸ್ಟ್ ಬೆಂಚ್ ಇಟ್ಟಿರುವ ಕೋಣೆಗೆ ಗಾಜಿನ ಬಾಗಿಲು, ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು. ಧೂಳಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು. ನಾಜಲ್ ಒಳಗಿನ ಸಂದು ಕೆಲವೇ ಮೈಕ್ರಾನ್ ಇರೋದರಿಂದ ಅದು ಬೇಕು ಕೂಡ.

ಗಾಡಿ ನಿಲ್ಲಿಸಿದ ತಕ್ಷಣ ಸ್ಪ್ಯಾನರ್ ಹಿಡಿದುಕೊಂಡು ಬರಲಿಲ್ಲ. ಮೊದಲು ಡ್ರೈವರ್ ಅಣ್ಣನನ್ನು ಕೂರಿಸಿಕೊಂಡು ಕೇಳಿದರು. ಡೀಸೆಲ್ ಎಲ್ಲಿ ಹಾಕಿಸಿದ್ದು, ಟ್ಯಾಂಕಿನಲ್ಲಿ ಆಗ ಎಷ್ಟಿತ್ತು, ತೊಂದರೆ ಏರಿನಲ್ಲಿ ಮಾತ್ರವಾ ಅಥವಾ ಎಲ್ಲ ಕಡೆಯಾ, ಹೊಗೆ ಬಿಳಿನಾ ಕಪ್ಪಾ, ಆಫ್ ಆದಾಗ ಸೆಲ್ಫ್ ಎಷ್ಟು ಹೊತ್ತು ಹೊಡೆದಿರಿ, ಗಾಡಿ ಎಲ್ಲಿ ನಿಂತಿತ್ತು, ನೀರಿನ ಪ್ರೆಶರ್‌ನಲ್ಲಿ ತೊಳೆಸಿದ್ದೀರಾ. ಅಣ್ಣ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬಂದರಿನ ಹತ್ತಿರ ಲೋಡಿಗೆ ಕಾಯುತ್ತಾ ಮಳೆಯಲ್ಲೇ ನಿಂತಿದ್ದೆ ಅಂದಾಗ ಪೆನ್ನು ನಿಲ್ಲಿಸಿ, "ಟ್ಯಾಂಕ್ ಮುಚ್ಚಳ ಒರಿಜಿನಲ್ಲಾ?" ಅಂತ ಕೇಳಿದರು. ಆಗ ನನಗೆ ಆ ಪ್ರಶ್ನೆ ಯಾಕೆ ಅಂತ ಗೊತ್ತಾಗಲಿಲ್ಲ.

ಆಮೇಲೆ ಒಂದು ಹಳೇ ಗಾಜಿನ ಹಾರ್ಲಿಕ್ಸ್ ಬಾಟಲಿ ತಂದರು. ಚೆನ್ನಾಗಿ ತೊಳೆದು ಒಣಗಿಸಿದ್ದು. ನೀರು ಬೇರೆ ಮಾಡುವ ಮೊದಲ ಫಿಲ್ಟರಿನ ಕೆಳಗಡೆ ಡ್ರೈನ್ ಇರುತ್ತಲ್ಲ, ಅದನ್ನು ಸಡಿಲಿಸಿ ಅರ್ಧ ಬಾಟಲಿ ಹಿಡಿದರು. ಟ್ಯಾಂಕಿನ ತಳದ ಪ್ಲಗ್‌ನಿಂದ ಇನ್ನೊಂದು ಬಾಟಲಿ. ಎರಡನ್ನೂ ಕಟ್ಟೆ ಮೇಲೆ ಇಟ್ಟು, "ಟೀ ಕುಡ್ಕೊಂಡು ಬನ್ನಿ ಅಕ್ಕಾ, ಅಲ್ಲಾಡಿಸಬೇಡಿ" ಅಂದರು.

ವಾಪಸ್ ಬಂದಾಗ ಬಾಟಲಿಯಲ್ಲಿ ಗೆರೆ ಎಳೆದ ಹಾಗೆ ಎರಡು ಪದರ ಆಗಿತ್ತು. ಮೇಲೆ ತಿಳಿ ಹಳದಿ ಡೀಸೆಲ್. ಕೆಳಗೆ ಮಣ್ಣುಬಣ್ಣದ ನೀರು. ನಡುವೆ ಕಂದು ಬಣ್ಣದ ತೆಳು ಪೊರೆ, ಬಾಟಲಿ ವಾಲಿಸಿದರೆ ಅದೂ ಲೋಳೆಯ ಹಾಗೆ ಜಗ್ಗುತ್ತಿತ್ತು. ಡೀಸೆಲ್ ಲೀಟರಿಗೆ ಹೆಚ್ಚುಕಮ್ಮಿ 830 ಗ್ರಾಂ ತೂಗುತ್ತೆ, ನೀರು ಒಂದು ಕೆಜಿ. ಅದಕ್ಕೇ ನೀರು ಯಾವಾಗಲೂ ತಳ ಹಿಡಿಯೋದು. ಆ ಪೊರೆ ಏನು ಅಂತ ಕೇಳಿದೆ. ನೀರೂ ಡೀಸೆಲ್ಲೂ ಸೇರುವ ಜಾಗದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಂತೆ. ನೀರು ಬಹಳ ದಿನ ನಿಂತರೆ ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತೆ. ಅಂದರೆ ನೀರು ನಿನ್ನೆ ಮೊನ್ನೆ ಬಂದಿದ್ದಲ್ಲ ಅಂತ ಆಗಲೇ ಗೊತ್ತಾಯಿತು.

ಇಲ್ಲಿಗೆ ಬೇರೆಯವರಾದರೆ ನೀರು ಅಂತ ತೀರ್ಮಾನ ಮಾಡಿಬಿಡುತ್ತಿದ್ದರು. ಇವರು ಮಾಡಲಿಲ್ಲ. ನನಗೆ ಈ ಶಾಪ್ ಇಷ್ಟವಾಗಿದ್ದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಒಂದು ಚಿಟಿಕೆ ಬಾಟಲಿಗೆ ಉದುರಿಸಿದರು. ಡೀಸೆಲ್‌ನಲ್ಲಿ ಆ ಪುಡಿ ಕರಗೋದೇ ಇಲ್ಲ. ಒಂದೊಂದೇ ಕಣ ಹಾಗೇ ಕೆಳಗಿಳಿಯಿತು. ಗೆರೆ ಮುಟ್ಟಿತೋ ಇಲ್ಲವೋ, ಎಳೆ ಎಳೆಯಾಗಿ ಕೇಸರಿ ಬಣ್ಣ ಬಿಟ್ಟುಕೊಂಡು ಕೆಳಗಿನ ಪದರ ಪೂರ್ತಿ ಬಣ್ಣ ಏರಿತು, ಮೇಲಿನ ಡೀಸೆಲ್ ಹಾಗೇ ಹಳದಿ. ಕೆಳಗಿರೋದು ನೀರಿನ ಅಂಶದ್ದೇ, ಬೇರೆ ಎಣ್ಣೆ ಅಲ್ಲ ಅನ್ನೋದಕ್ಕೆ ಅದು ಸಾಕ್ಷಿ. ಮನೆಯಲ್ಲೂ ಮಾಡಬಹುದು, ಅನುಮಾನ ಇದ್ದವರು ಮಾಡಿ ನೋಡಿ.

ಆದರೆ ಅದು ಬರೀ ನೀರಾ, ಯೂರಿಯಾ ನೀರಾ? ಬಿಎಸ್4ರ ಎಷ್ಟೋ ಲಾರಿಗಳಲ್ಲಿ, ಬಿಎಸ್6 ಲಾರಿಗಳಲ್ಲಿ ಎರಡು ಟ್ಯಾಂಕ್ ಇರುತ್ತಲ್ಲ, ರಾತ್ರಿ ನಿದ್ದೆಗಣ್ಣಲ್ಲಿ ಯೂರಿಯಾ ಕ್ಯಾನನ್ನು ಡೀಸೆಲ್ ಟ್ಯಾಂಕಿಗೆ ಸುರಿಯೋದು ಆಗುತ್ತಲೇ ಇರುತ್ತೆ. ಆ ದ್ರಾವಣದಲ್ಲಿ 32.5 ಪರ್ಸೆಂಟ್ ಯೂರಿಯಾ, ಉಳಿದಿದ್ದು ಶುದ್ಧ ನೀರು. ಅದೂ ತಳಕ್ಕೇ ಹೋಗುತ್ತೆ, ಬಾಟಲಿಯಲ್ಲಿ ನೋಡಿದರೆ ನೀರಿನ ಹಾಗೇ ಕಾಣುತ್ತೆ. ಆದರೆ ಯೂರಿಯಾ ಹೊಕ್ಕ ಗಾಡಿಗೆ ಕೆಲಸ ಬೇರೆ. ಅದು ಒಣಗಿದ ಕಡೆ ಹರಳು ಕಟ್ಟುತ್ತೆ, ಲೋಹ ತಿನ್ನುತ್ತೆ, ಪೈಪು, ರೇಲು ಎಲ್ಲ ಬಿಚ್ಚಿ ನೋಡಬೇಕಾಗುತ್ತೆ. ಹಾಗಾಗಿ ಮೇಸ್ತ್ರಿ ಬಣ್ಣ ಹಾಕದ ಇನ್ನೊಂದು ಬಾಟಲಿಯಿಂದ ಸಿರಿಂಜಿನಲ್ಲಿ ತಳದ ನೀರು ಎಳೆದು, ಒಂದು ಗಾಜಿನ ಪಟ್ಟಿಯ ಮೇಲೆ ಎರಡು ಹನಿ ಬಿಟ್ಟು, ಆಫೀಸ್ ರೂಮಿನ ಟೇಬಲ್ ಲ್ಯಾಂಪಿನ ಕೆಳಗೆ ಇಟ್ಟರು. ಪಕ್ಕದಲ್ಲಿ ಹೋಲಿಸೋಕೆ ಅಂತ ನಮ್ಮ ಯೂರಿಯಾ ಟ್ಯಾಂಕಿನಿಂದ ತೆಗೆದ ಎರಡು ಹನಿ. ಒಣಗಿದ ಮೇಲೆ ಯೂರಿಯಾ ಪಟ್ಟಿಯಲ್ಲಿ ಬೆಳ್ಳಗೆ ಸೂಜಿ ಸೂಜಿ ಹರಳು ಎದ್ದಿತ್ತು. ನಮ್ಮ ಟ್ಯಾಂಕಿನ ಪಟ್ಟಿಯಲ್ಲಿ ಮಾಸಲು ಕಲೆ ಬಿಟ್ಟರೆ ಏನೂ ಇಲ್ಲ. "ಮಳೆ ನೀರು ಅಕ್ಕಾ, ಬಚಾವಾದ್ರಿ" ಅಂದರು.

ಇಷ್ಟಕ್ಕೆ ಖರ್ಚಾಗಿದ್ದು ಒಂದು ಟೀ. ಇನ್ನೂ ಒಂದು ನಟ್ಟೂ ಬಿಚ್ಚಿರಲಿಲ್ಲ.

ಲೈಟ್ ಯಾಕೆ ಬರಲಿಲ್ಲ ಅನ್ನೋದು ನನ್ನ ತಲೆ ತಿನ್ನುತ್ತಿತ್ತು. ಅದನ್ನೂ ತೋರಿಸಿದರು. ಫಿಲ್ಟರ್ ಬಟ್ಟಲಿನ ತಳದಲ್ಲಿರುವ ಸೆನ್ಸರಿಗೆ ಎರಡು ಕಡ್ಡಿ ಇರುತ್ತವೆ. ನೀರಿನಲ್ಲಿ ಕರೆಂಟ್ ಹರಿಯುತ್ತೆ, ಡೀಸೆಲ್‌ನಲ್ಲಿ ಹರಿಯಲ್ಲ, ಅಷ್ಟೇ ಅದರ ಕೆಲಸ. ನೀರು ಏರಿ ಎರಡೂ ಕಡ್ಡಿ ಮುಟ್ಟಿದರೆ ಲೈಟ್ ಬರಬೇಕು, ಇಂಜಿನ್ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ನೀರಿದೆ ಅಂತ ಹೇಳುವ ಎಸ್‌ಪಿಎನ್ 97 ಕೋಡ್ ಕೂರಬೇಕು. ನಮ್ಮ ಗಾಡಿಯ ಸೆನ್ಸರ್ ವೈರ್ ಮೊದಲೇ ಯಾರೋ ಕಟ್ ಮಾಡಿ ಟೇಪ್ ಸುತ್ತಿದ್ದರು. ಕನೆಕ್ಟರ್ ಪಿನ್ ಹಸಿರು ಕಿಲುಬು ಹಿಡಿದಿತ್ತು. ಲೈಟ್ ಬರುತ್ತೆ ಅಂತ ಕಿರಿಕಿರಿಯಾಗಿ ಕತ್ತರಿಸಿರುತ್ತಾರೆ ಅಂತ ಮೇಸ್ತ್ರಿ ಅಂದರು. ಇದರ ಉಲ್ಟಾ ಕೂಡ ಆಗುತ್ತಂತೆ. ಕನೆಕ್ಟರ್ ಒಳಗೆ ಮಳೆನೀರು ಹೋದರೆ ಟ್ಯಾಂಕಿನಲ್ಲಿ ಒಂದು ಹನಿ ನೀರಿಲ್ಲದಿದ್ದರೂ ಲೈಟ್ ಉರಿಯುತ್ತೆ. ಲೈಟ್ ಬಂದರೂ ಬಾಟಲಿ ಹಿಡಿಯಬೇಕು, ಬರದಿದ್ದರೂ ಬಾಟಲಿ ಹಿಡಿಯಬೇಕು ಅನ್ನೋದು ಅವರ ಲೆಕ್ಕ.

ಸ್ಕ್ಯಾನರ್ ಹಾಕಿ ರೇಲ್ ಪ್ರೆಶರ್ ನೋಡಿದರು. ಇಂಜಿನ್ ಕೇಳುತ್ತಿರುವ ಪ್ರೆಶರ್ ಎಷ್ಟು, ನಿಜವಾಗಿ ಸಿಗುತ್ತಿರೋದು ಎಷ್ಟು ಅಂತ ಎರಡು ಅಂಕಿ ಅಕ್ಕಪಕ್ಕ ಬರುತ್ತವೆ. ಐಡ್ಲಿಂಗಿನಲ್ಲಿ ಎರಡೂ ಸರಿ ಇತ್ತು. ರೇಸ್ ಮಾಡಿದಾಗ ಸಿಗುತ್ತಿರುವ ಪ್ರೆಶರ್ ಹಿಂದೆ ಬೀಳುತ್ತಿತ್ತು. ಅದಕ್ಕೆ ಪಂಪೇ ಕಾರಣ ಆಗಬೇಕಿಲ್ಲ, ಫಿಲ್ಟರ್ ಕಟ್ಟಿಕೊಂಡು ಪಂಪಿಗೆ ಡೀಸೆಲ್ ಸಾಲದಿದ್ದರೂ ಹೀಗೇ ಆಗುತ್ತೆ ಅಂತ ಹೇಳಿದರು. ಪಂಪ್ ಹೋಗಿದೆ ಅಂತ 1,80,000 ಹೇಳಿದವರು ಈ ಎರಡು ಅಂಕಿಯನ್ನೂ ನೋಡಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬರೋದು.

ಪಂಪ್ ಉಳಿದಿದೆಯೋ ಇಲ್ಲವೋ ನೋಡೋಕೆ ಅವರು ಮಾಡಿದ್ದು ಇದು. ಹಳೇ ಫಿಲ್ಟರ್ ಎರಡನ್ನೂ ಎಸೆಯಲಿಲ್ಲ. ಕಟ್ಟರಿನಲ್ಲಿ ತವರದ ಡಬ್ಬ ಸುತ್ತಲೂ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಒಂದೊಂದಾಗಿ ಬಿಡಿಸಿ ಟಾರ್ಚ್ ಹಾಕಿದರು. ಮೊದಲ ಫಿಲ್ಟರಿನಲ್ಲಿ ಲೋಳೆ, ತುಕ್ಕಿನ ಪುಡಿ. ಎರಡನೇದರಲ್ಲಿ ಸ್ವಲ್ಪ ಕಪ್ಪು, ಅಷ್ಟೇ. ಹೊಳೆಯುವ ಲೋಹದ ಚೂರು ಕಾಣಲಿಲ್ಲ. ಆಮೇಲೆ ಪಂಪಿನಿಂದ ವಾಪಸ್ ಬರುವ ರಿಟರ್ನ್ ಲೈನಿನ ಡೀಸೆಲ್ ಹಿಡಿದು ಅದರಲ್ಲೂ ಮ್ಯಾಗ್ನೆಟ್ ಆಡಿಸಿದರು. ಕಾಮನ್ ರೇಲ್ ಪಂಪಿಗೆ ಗ್ರೀಸೂ ಡೀಸೆಲ್ಲೇ, ಆಯಿಲ್ಲೂ ಡೀಸೆಲ್ಲೇ. ಡೀಸೆಲ್ ಜಾಗಕ್ಕೆ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜಿ ಮಿಣುಕು ಪುಡಿ ಏಳುತ್ತೆ, ಆ ಪುಡಿ ನಾಜಲ್ ತನಕ ಹೋಗುತ್ತೆ. ನಮ್ಮದರಲ್ಲಿ ಪುಡಿ ಇಲ್ಲ. ಬಟ್ಟೆ ನೋಡಿ ನಾನೇ ಉಸಿರು ಬಿಟ್ಟೆ.

ನಾಜಲ್‌ಗೆ ಲೀಕ್ ಟೆಸ್ಟ್ ಮಾಡಿದರು. ಒಂದೊಂದು ನಾಜಲ್ಲಿನ ರಿಟರ್ನಿಗೂ ಒಂದೊಂದು ಗಾಜಿನ ಕೊಳವೆ ಕಟ್ಟಿ ಇಂಜಿನ್ ಓಡಿಸೋದು, ಯಾವುದರಲ್ಲಿ ಜಾಸ್ತಿ ಡೀಸೆಲ್ ವಾಪಸ್ ಬರುತ್ತೆ ನೋಡೋದು. ಆರೂ ಹೆಚ್ಚುಕಮ್ಮಿ ಒಂದೇ ಮಟ್ಟ. ಬಿಚ್ಚೋದು ಬೇಡ ಅಂದರು. ಬೆಂಚ್ ಮೇಲೆ ಹಾಕಿ ನೋಡಿ ಅಂತ ನಾನೇ ಒತ್ತಾಯ ಮಾಡಿದೆ, ದುಡ್ಡು ಕೊಡೋಕೆ ತಯಾರಿದ್ದೆ. "ಸುಮ್ನೆ ಯಾಕೆ ಬಿಚ್ಚಬೇಕು? ಬಿಚ್ಚಿದರೆ ವಾಷರ್ ಹೊಸದು ಬೇಕು, ಪೈಪೂ ಹೊಸದು ಹಾಕಬೇಕು. ಹೊಗೆ ಬಂದರೆ ಆಮೇಲೆ ನೋಡೋಣ" ಅಂತ ಬೇಡ ಅಂದುಬಿಟ್ಟರು. ದುಡ್ಡು ಬೇಡ ಅನ್ನೋ ಮೆಕ್ಯಾನಿಕ್ ಎಷ್ಟು ಜನ ಸಿಗುತ್ತಾರೆ ಹೇಳಿ.

ಹಳೇ ಇನ್‌ಲೈನ್ ಪಂಪಿನ ಕಾಲದಲ್ಲಿ ನಾಜಲ್ ತೆರೆಯುತ್ತಿದ್ದದ್ದು ಸುಮಾರು 200 ಬಾರ್ ಪ್ರೆಶರಿಗೆ. ಈಗಿನ ಕಾಮನ್ ರೇಲ್‌ನಲ್ಲಿ 1,600 ಬಾರ್, ಕೆಲವದರಲ್ಲಿ ಇನ್ನೂ ಮೇಲೆ. ಆ ಪ್ರೆಶರಿನಲ್ಲಿ ಹೋದ ನೀರಿನ ಹನಿ ನಾಜಲ್ ತುದಿಯ ಬಿಸಿಗೆ ಒಮ್ಮೆಲೇ ಆವಿಯಾದರೆ ತುದಿಯೇ ಸಿಡಿದು ಹೋಗಬಹುದು. ಹಾಗಾದ ಒಂದು ನಾಜಲ್ಲನ್ನು ಶಾಪಿನಲ್ಲಿ ತೋರಿಸೋಕೆ ಇಟ್ಟುಕೊಂಡಿದ್ದಾರೆ. ಕಣ್ಣಿಗೆ ಮಸೂರ ಹಿಡಿದು ನೋಡಿದೆ. ತೂತುಗಳಿರಬೇಕಾದ ಜಾಗದಲ್ಲಿ ಮೊಂಡು ಅಂಚು ಮಾತ್ರ ಇತ್ತು. ಏರಿನಲ್ಲಿ ಆಫ್ ಆದಾಗ ಸೆಲ್ಫ್ ಹೊಡೆಯುತ್ತಲೇ ಇರಬೇಡಿ ಅಂತ ಅವರು ಎಲ್ಲ ಡ್ರೈವರಿಗೂ ಹೇಳೋದು ಇದಕ್ಕೇ. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಇನ್ನಷ್ಟು ನೀರನ್ನು ಮುಂದಕ್ಕೆ ತಳ್ಳಿದಂತೆ. ಮೊದಲು ಬಟ್ಟಲಿನ ಡ್ರೈನ್ ಬಿಡಿ, ಆಮೇಲೆ ಕೈಯಲ್ಲೇ ಡೀಸೆಲ್ ಏರಿಸುವ ಹ್ಯಾಂಡ್ ಪ್ರೈಮರ್ ಒತ್ತಿ, ಆಮೇಲೆ ಕೀ ತಿರುಗಿಸಿ.

ಇನ್ನು ನೀರು ಬಂದಿದ್ದು ಎಲ್ಲಿಂದ. ನಾವೆಲ್ಲ ಮೊದಲು ಬೈಯೋದು ಬಂಕಿನವರನ್ನೇ ಅಲ್ವಾ. ಮನೆಯವರು ಫೋನಿನಲ್ಲಿ ಆಗಲೇ ಬಂಕಿಗೆ ಜಗಳಕ್ಕೆ ಹೊರಟಿದ್ದರು. ಮೇಸ್ತ್ರಿ ತಡೆದರು. ನಿಮ್ಮ ಇನ್ನೊಂದು ಗಾಡಿಗೂ ಅದೇ ಬಂಕಿನಲ್ಲೇ ತಾನೇ ಹಾಕಿಸೋದು, ಅದರ ತಳದ ಡೀಸೆಲ್ ಒಂದು ಬಾಟಲಿ ತರಿಸಿ ಅಂದರು. ತರಿಸಿದೆ. ಬೆಳಕಿಗೆ ಹಿಡಿದರೆ ಆಚೆ ಕಡೆಯ ಅಕ್ಷರ ಓದಬಹುದು, ಅಷ್ಟು ತಿಳಿ. ಮೋಡದ ಹಾಗೆ ಮಬ್ಬಿದ್ದರೂ ನೀರು ಬೆರೆತಿದೆ ಅಂತ ಅರ್ಥ, ಅದೂ ಇರಲಿಲ್ಲ. ಬಂಕಿನವರ ಮೇಲೆ ಅನುಮಾನ ಇದ್ದರೂ ಜಗಳ ಬೇಕಾಗಿಲ್ಲ. ಬಂಕಿನಲ್ಲಿ ಡೆನ್ಸಿಟಿ ನೋಡುವ ಹೈಡ್ರೋಮೀಟರ್, ಥರ್ಮಾಮೀಟರ್ ಇಟ್ಟಿರುತ್ತಾರೆ, ಕೇಳಿದರೆ ತೋರಿಸಬೇಕು. ನೆಲದಡಿಯ ಟ್ಯಾಂಕಿಗೆ ಬಿಡುವ ಡಿಪ್ ರಾಡ್ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ನೋಡುತ್ತಾರೆ, ತಳದಲ್ಲಿ ನೀರಿದ್ದರೆ ಅಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗುತ್ತೆ. ಅದನ್ನೂ ನಮ್ಮೆದುರಿಗೆ ಮಾಡಿ ಅಂತ ಕೇಳಬಹುದು. ಇನ್ನೊಂದು ಮಾತು. ಎಥನಾಲ್ ಬೆರೆಸಿರೋದರಿಂದಲೇ ನೀರು ಅಂತ ಲಾರಿಯವರೂ ಹೇಳೋದು ಕೇಳಿದ್ದೇನೆ. ಎಥನಾಲ್ ಹಾಕೋದು ಪೆಟ್ರೋಲಿಗೆ, ನಮ್ಮ ಡೀಸೆಲ್ಲಿಗೆ ಅದು ಸಂಬಂಧ ಇಲ್ಲ.

ಕೊನೆಗೆ ಸಿಕ್ಕಿದ್ದು ಮುಚ್ಚಳದಲ್ಲೇ. ಒರಿಜಿನಲ್ ಮುಚ್ಚಳ ಇರಲಿಲ್ಲ. ಡೀಸೆಲ್ ಕಳ್ಳರು ಬೀಗ ಒಡೆದ ಮೇಲೆ ಹಿಂದಿನ ಮಾಲೀಕರು ಮಾರ್ಕೆಟ್ಟಿನ ಮುಚ್ಚಳ ಹಾಕಿಸಿದ್ದಿರಬೇಕು. ಒಳಗಿನ ರಬ್ಬರ್ ರಿಂಗ್ ಒಣಗಿ ಸೀಳು ಬಿಟ್ಟಿತ್ತು. ಟ್ಯಾಂಕಿನ ಮೇಲ್ಭಾಗದಲ್ಲಿ ಕುತ್ತಿಗೆಯ ಸುತ್ತ ಒಂದು ಕಡೆ ನೆಗ್ಗಿತ್ತು. ಮೇಸ್ತ್ರಿ ಒಂದು ಲೋಟ ನೀರು ತಂದು ಆ ನೆಗ್ಗಿಗೆ ಸುರಿದರು. ನೀರು ಕುತ್ತಿಗೆಗೆ ಒತ್ತಿಕೊಂಡು ಪುಟ್ಟ ಗುಂಡಿಯ ಹಾಗೆ ನಿಂತಿತು. ಟ್ಯಾಂಕ್ ಹೇಗೂ ಇಳಿಸಿ ತೊಳೆಯೋದಿತ್ತು, ಹಾಗಾಗಿ ಹೆದರಿಕೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಂಚಿನಿಂದ ಇಳಿದು ಒಳಗೆ ಹೋಯಿತು. ಕರಾವಳಿ ಮಳೆಯಲ್ಲಿ ಹಗಲು ರಾತ್ರಿ ನಿಂತ ಗಾಡಿಗೆ ಎಷ್ಟು ಹೋಗಿರಬೇಡ. ಏರಿನಲ್ಲಿ ಮಾತ್ರ ತೊಂದರೆ ಆಗಿದ್ದು ಯಾಕೆ ಅಂತಲೂ ಆಗ ಅರ್ಥವಾಯಿತು. ಡೀಸೆಲ್ ಎಳೆಯುವ ಪೈಪು ಟ್ಯಾಂಕಿನ ತಳ ಮುಟ್ಟಲ್ಲ, ಸ್ವಲ್ಪ ಮೇಲೇ ಇರುತ್ತೆ. ಸಮ ರಸ್ತೆಯಲ್ಲಿ ನೀರು ಅದರ ಕೆಳಗೆ ತೆಪ್ಪಗೆ ಕೂತಿರುತ್ತೆ. ಘಾಟಿಯಲ್ಲಿ ಗಾಡಿ ಹಿಂದಕ್ಕೆ ವಾಲಿ, ತಿರುವಿನಲ್ಲಿ ಕುಲುಕಿದಾಗ ಪೈಪಿನ ಬಾಯಿಗೆ ಬರುತ್ತೆ.

ಟ್ಯಾಂಕ್ ಇಳಿಸಿ, ಖಾಲಿ ಮಾಡಿ, ಬಿಸಿನೀರಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಕೊನೆಗೆ ಒಳ್ಳೇ ಡೀಸೆಲ್ ಹಾಕಿ ಜಾಲಾಡಿಸಿ ಚೆಲ್ಲಿದರು. ಒಳಗೆ ತುಕ್ಕು ಹಿಡಿದಿದ್ದ ಒಂದು ಜಾಗವನ್ನು ಕನ್ನಡಿ ಹಿಡಿದು ನನಗೆ ತೋರಿಸಿದರು. ಪೈಪುಗಳಿಗೆ ಗಾಳಿ ಹೊಡೆದು, ಎರಡೂ ಫಿಲ್ಟರ್ ಹೊಸದು ಹಾಕಿದರು. ಎರಡನೇ ಫಿಲ್ಟರಿಗೆ ಮೇಲಿನಿಂದ ಡೀಸೆಲ್ ತುಂಬಿಸಿ ಕೂರಿಸೋದನ್ನು ಎಷ್ಟೋ ಕಡೆ ನೋಡಿದ್ದೇನೆ, ಬೇಗ ಸ್ಟಾರ್ಟ್ ಆಗುತ್ತೆ ಅಂತ. ಇವರು ಹುಡುಗನಿಗೆ ಹಾಗೆ ಮಾಡೋಕೆ ಬಿಡಲಿಲ್ಲ. ಸೋಸದ ಡೀಸೆಲ್ ನೇರ ಪಂಪಿಗೆ ಹೋಗುತ್ತೆ, ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗಿ, ಕೈ ನೋಯಲಿ ಪರವಾಗಿಲ್ಲ ಅಂದರು. ಸ್ಪಿರಿಟ್ ಹಾಕಿದರೆ ನೀರು ಕರಗಿ ಹೋಗುತ್ತೆ, ಟ್ಯಾಂಕ್ ಇಳಿಸೋ ಖರ್ಚು ಉಳಿಯುತ್ತೆ ಅಂತ ಯಾರೋ ಹೇಳಿದ್ದನ್ನೂ ಕೇಳಿದೆ. ತಳದಲ್ಲಿ ಬೇರೆಯಾಗಿ ಕೂತಿದ್ದ ನೀರನ್ನು ಬೆರೆಸಿ ನಾಜಲ್ ತನಕ ಕಳಿಸಿಕೊಟ್ಟಂತೆ ಆಗುತ್ತೆ, ಕಾಮನ್ ರೇಲ್‌ಗೆ ಬೇಡವೇ ಬೇಡ ಅಂದರು.

ಸೆನ್ಸರ್ ವೈರಿಂಗ್ ಸರಿ ಮಾಡಿ, ಕೀ ಆನ್ ಮಾಡಿದಾಗ ಲೈಟ್ ಒಮ್ಮೆ ಬಂದು ಹೋಗೋದನ್ನು ಡ್ರೈವರ್ ಅಣ್ಣನಿಗೆ ತೋರಿಸಿದರು. ನಮ್ಮ ಗಾಡಿಯಲ್ಲಿ ಆ ಲೈಟ್ ಕೀ ಹಾಕಿದಾಗ ಬರದೇ ಇದ್ದರೆ ಸೆನ್ಸರ್ ನಂಬಬೇಡಿ ಅಂತ. ಆಮೇಲೆ ಲೋಡ್ ಇಲ್ಲದೆ ಸಕಲೇಶಪುರದ ತನಕ ಸ್ಕ್ಯಾನರ್ ಹಾಕಿಕೊಂಡೇ ಓಡಿಸಿ ಬಂದರು. ಎರಡು ಅಂಕಿಯೂ ಜೊತೆ ಜೊತೆಗೆ ಏರುತ್ತಿದ್ದವು, ಜೊತೆಗೇ ಇಳಿಯುತ್ತಿದ್ದವು.

ಬಿಲ್ ಬಗ್ಗೆ. ಚೆಕಿಂಗ್ ಮತ್ತು ಸ್ಕ್ಯಾನರಿಗೆ 1,200. ಟ್ಯಾಂಕ್ ಇಳಿಸಿ ತೊಳೆದು ಕೂರಿಸಿದ್ದಕ್ಕೆ 4,500. ಎರಡು ಫಿಲ್ಟರ್ 3,900. ನಾಜಲ್ ಲೀಕ್ ಟೆಸ್ಟ್ 1,500. ವೈರಿಂಗ್ ಮತ್ತು ಕನೆಕ್ಟರ್ 800. ಬೀಗದ ಹೊಸ ಮುಚ್ಚಳ 650, ಅದನ್ನು ಕಂಪನಿ ಸ್ಪೇರ್ ಅಂಗಡಿಯಿಂದಲೇ ತರಿಸಿದರು. ಜಿಎಸ್‌ಟಿ ಸೇರಿ 15,000ದ ಒಳಗೆ ಮುಗಿಯಿತು. ನೀರು ಸೇರಿದ ಡೀಸೆಲ್ ಮಾತ್ರ ಹೋಯಿತು, ಅದನ್ನು ವಾಪಸ್ ಹಾಕೋಕೆ ಒಪ್ಪಲಿಲ್ಲ. ಡ್ರಮ್ಮಿನಲ್ಲಿ ತುಂಬಿ ಕೊಟ್ಟರು, ಮೋರಿಗೆ ಚೆಲ್ಲಬೇಡಿ, ವೇಸ್ಟ್ ಆಯಿಲ್ ತಗೊಳ್ಳುವವರಿಗೆ ಕೊಡಿ ಅಂದರು. ಹಳೇ ಫಿಲ್ಟರ್, ಹಳೇ ಮುಚ್ಚಳ, ಗಾಜಿನ ಪಟ್ಟಿ ಎಲ್ಲ ಒಂದು ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು. ಆ ಮಳೆಗಾಲ ಪೂರ್ತಿ ಅದೇ ಗಾಡಿ ಶಿರಾಡಿ ಹತ್ತಿ ಇಳಿದಿದೆ, ಎಳೆತ ಬಿದ್ದಿಲ್ಲ.

ಅರ್ಧ ಸ್ಟಾರ್ ಕಳೆದಿದ್ದಕ್ಕೆ ಕಾರಣ ಇವು. ಫೋನ್ ಎತ್ತಲ್ಲ. ಕೆಲಸದ ಕೈಯಲ್ಲಿ ಫೋನ್ ಮುಟ್ಟಲ್ಲ ಅಂತಾರೆ, ಅದು ಸರಿ, ಆದರೆ ಘಾಟಿಯಲ್ಲಿ ಗಾಡಿ ನಿಂತವರಿಗೆ ಒಂದು ಮಾತು ಕೇಳೋಕೆ ಯಾರಾದರೂ ಬೇಕಲ್ವಾ. ರಸ್ತೆಗೆ ಬಂದು ರಿಪೇರಿ ಮಾಡಲ್ಲ, ಗಾಡಿಯನ್ನು ಟೋ ಮಾಡಿಯಾದರೂ ಇಲ್ಲಿಗೇ ತರಬೇಕು. ಡ್ರೈವರುಗಳು ಕೂರೋಕೆ ನೆರಳಿಲ್ಲ, ಒಂದು ಬೆಂಚು ಹಾಕಿದ್ದಾರೆ, ಅದು ಬಿಸಿಲಲ್ಲೇ ಇದೆ. ಹೆಂಗಸರಿಗೆ ಟಾಯ್ಲೆಟ್ ಇಲ್ಲ, ನಾನು ಎದುರಿನ ಹೋಟೆಲಿಗೆ ಹೋಗಿ ಬರಬೇಕಾಯಿತು. ಇದನ್ನು ಅವರಿಗೇ ನೇರವಾಗಿ ಹೇಳಿದ್ದೇನೆ. ಮಾಲೀಕರು ಗಂಡಸರೇ ಆಗಿರಬೇಕು ಅಂತೇನಿಲ್ಲ, ಗಾಡಿ ಜೊತೆ ಬರುವ ಹೆಂಗಸರು ಈಗ ಜಾಸ್ತಿ ಆಗುತ್ತಿದ್ದಾರೆ. ಇನ್ನೊಂದು, ಒಂದು ಸಲಕ್ಕೆ ಎರಡೇ ಗಾಡಿ ತಗೊಳ್ಳೋದು. ಮಳೆಗಾಲದಲ್ಲಿ ಸರದಿ ಕಾಯಬೇಕು. ಅರ್ಜೆಂಟಿದೆ ಅಂತ ಎಷ್ಟು ಹೇಳಿದರೂ ಬಾಟಲಿ ತಿಳಿಯಾಗೋ ತನಕ ಅವರು ಕೈ ಹಾಕಲ್ಲ. ನನಗೆ ಅದು ಕೊರತೆ ಅನ್ನಿಸಲಿಲ್ಲ, ಆದರೆ ಲೋಡು ಮೇಲಿಟ್ಟುಕೊಂಡು ಬರುವವರು ತಿಳಿದುಕೊಂಡು ಬರಬೇಕು.

ನಾಜಲ್ ನಿಜವಾಗಿಯೂ ಹೋಗಿದ್ದರೆ ಅಲ್ಲೇ ಬೆಂಚ್ ಟೆಸ್ಟ್ ಮಾಡಿ, ಹೊಸದು ಹಾಕಿ, ಅದರ ಮೇಲಿನ ಕೋಡನ್ನು ಇಂಜಿನ್ ಕಂಪ್ಯೂಟರಿಗೂ ಬರೆದು ಕೊಡುತ್ತಾರೆ. ಆ ರೇಟು ಹಾಸನದ ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿಯೇ ಇದೆ ಅಂತ ಅಲ್ಲಿದ್ದ ಇನ್ನೊಬ್ಬ ಮಾಲೀಕರು ಹೇಳಿದರು, ನಮಗೆ ಆ ಕೆಲಸ ಬೀಳಲಿಲ್ಲ. ಟ್ಯಾಂಕ್ ವೆಲ್ಡಿಂಗ್ ಇಲ್ಲಿ ಮಾಡಲ್ಲ, ಡೀಸೆಲ್ ಟ್ಯಾಂಕಿಗೆ ಬೆಂಕಿ ತೋರಿಸಲ್ಲ ಅಂತ ಖಡಕ್ಕಾಗಿ ಹೇಳುತ್ತಾರೆ.

ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುತ್ತಾರೆ, ಭಾನುವಾರ ರಜೆ. ಯುಪಿಐ ತಗೊಳ್ಳುತ್ತಾರೆ, ಕಾರ್ಡ್ ಇಲ್ಲ. ಹೋಗೋದಿದ್ದರೆ ಟ್ಯಾಂಕ್ ಫುಲ್ ಮಾಡಿಸಿಕೊಂಡು ಹೋಗಬೇಡಿ, ಇಳಿಸೋಕೂ ಕಷ್ಟ, ಹೋಗುವ ಡೀಸೆಲ್ಲೂ ಜಾಸ್ತಿ. ಫಿಲ್ಟರ್ ದಾರಿಯಲ್ಲಿ ಬದಲಾಯಿಸಿದ್ದರೆ ಹಳೇದನ್ನು ಎಸೆಯದೆ ಜೊತೆಗೆ ತಗೊಂಡು ಹೋಗಿ, ಮೇಸ್ತ್ರಿ ಮೊದಲು ಕೇಳೋದೇ ಅದನ್ನು.